ಸೀಲರ ಮೇಲಿನ ಮಾತುಗಳನ್ನು ಕತ್ತರಿಸದೆ ಅಚ್ಚು ಹಾಕೋಣ

ಮೈಸೂರು ವಿಶ್ವವಿದ್ಯಾನಿಲಯದ ಹಳೆಯ ವಿದ್ಯಾರ್ಥಿ ಬಂಧುಗಳೇ,

ನಮ್ಮ ವಿಶ್ವವಿದ್ಯಾನಿಲಯವನ್ನು 1920ರ ದಶಕದ ಉದ್ದಕ್ಕೂ ನಡೆಸಿದ ಬ್ರಜೇಂದ್ರನಾಥ ಸೀಲರ ಬಗ್ಗೆ ಅವರ ಕಾಲದವರು ಬರೆದದ್ದನ್ನೂ ಆಡಿದ್ದನ್ನೂ ಒಟ್ಟುಮಾಡಿ ಮತ್ತೆ ಅಚ್ಚು ಹಾಕಬೇಕು ಎಂಬ ಮಾತು ನಮ್ಮವರು ಸೇರಿದಾಗಲೆಲ್ಲ ಬರುತ್ತದೆ. ಎಲ್ಲರೂ ತಲೆಯಾಡಿಸುತ್ತೇವೆ. ಕಾಫಿ ಮುಗಿಯುವುದರೊಳಗೆ ಮಾತು ಬೇರೆ ಕಡೆ ಹರಿದಿರುತ್ತದೆ. ನಡುವೆ ಯಾರಾದರೂ ಒಬ್ಬರು, ಸತ್ತು ಎಷ್ಟೋ ಕಾಲವಾದವರನ್ನು ಹೊಗಳಿದ ಹಳೆಯ ಕಾಗದಗಳನ್ನು ಈಗ ಮತ್ತೆ ಅಚ್ಚು ಹಾಕಿ ಯಾರು ಓದಬೇಕು ಎಂದು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಕೊಡದೆ ಹಣ ಎತ್ತಲು ಹೊರಡುವುದು ಸರಿಯಲ್ಲ. ಆದ್ದರಿಂದ ಈ ಪತ್ರ.

ಕಿರಿಯ ಗೆಳೆಯರಿಗಾಗಿ ಮೊದಲು ನಾಲ್ಕು ಮಾತು. ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ಮೊದಲ ವೈಸ್ ಛಾನ್ಸಲರ್ ಎಚ್.ವಿ. ನಂಜುಂಡಯ್ಯನವರು 1920ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ದೂರದ ಕಲಕತ್ತೆಯಿಂದ ಸೀಲರನ್ನು ಕರೆಸಿಕೊಂಡರು. ಸೀಲರು ಹುಟ್ಟಿದ್ದು 1864ರಲ್ಲಿ. ಮೈಸೂರಿಗೆ ಬರುವ ಹೊತ್ತಿಗೆ ವಯಸ್ಸು ಐವತ್ತಾರು. ಕೂಚ್ ಬಿಹಾರದ ವಿಕ್ಟೋರಿಯಾ ಕಾಲೇಜನ್ನು ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಡೆಸಿ, ಆಮೇಲೆ ಕಲಕತ್ತೆ ವಿಶ್ವವಿದ್ಯಾನಿಲಯದಲ್ಲಿ ಐದನೆಯ ಜಾರ್ಜ್ ದೊರೆಯ ಹೆಸರಿನ ತತ್ವಶಾಸ್ತ್ರ ಪೀಠದಲ್ಲಿ ಕೂತಿದ್ದವರು. ಆ ಪೀಠಕ್ಕೆ ಅವರೇ ಮೊದಲಿಗರು. ಅವರು ಬಿಟ್ಟು ಬಂದ ಆ ಪೀಠಕ್ಕೆ 1921ರಲ್ಲಿ ಹೋದವರು ನಮ್ಮ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಎಸ್. ರಾಧಾಕೃಷ್ಣನ್. ಮೈಸೂರು ಒಬ್ಬ ತತ್ವಜ್ಞಾನಿಯನ್ನು ಕೊಟ್ಟು ಇನ್ನೊಬ್ಬರನ್ನು ತಂದುಕೊಂಡಿತು. ರಾಧಾಕೃಷ್ಣನ್ ಹೊರಟ ದಿನ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ಎಳೆದುಕೊಂಡು ರೈಲ್ವೆ ಸ್ಟೇಷನ್‌ಗೆ ಹೋದ ಕಥೆ ಮೈಸೂರಿನಲ್ಲಿ ಎಲ್ಲರಿಗೂ ಗೊತ್ತು. ಬಂದವರ ಕಥೆ ಎಷ್ಟು ಜನಕ್ಕೆ ಗೊತ್ತು?

ಸೀಲರ ಕಾಲದಲ್ಲಿ ಆದದ್ದು ಸಣ್ಣದಲ್ಲ. 1924ರಲ್ಲಿ ವೈದ್ಯಕೀಯ ಕಾಲೇಜು ಬೆಂಗಳೂರಿನಲ್ಲಿ ಶುರುವಾಯಿತು, 1930ರಲ್ಲಿ ಮೈಸೂರಿಗೆ ಬಂತು. 1927ರಲ್ಲಿ ಕನ್ನಡ ಎಂ.ಎ. ತರಗತಿ ತೆರೆಯಿತು. ಟಿ.ಎಸ್. ವೆಂಕಣ್ಣಯ್ಯನವರು ಪಾಠ ಹೇಳಿದರು, ಕುವೆಂಪು ಮುಂತಾದವರು ಕಲಿತರು. ಆಮೇಲಿನದು ಕನ್ನಡ ಸಾಹಿತ್ಯದ ಚರಿತ್ರೆ. ಆ ದಶಕದ ಕೊನೆಯ ವರ್ಷಗಳಲ್ಲಿ ರಿಜಿಸ್ಟ್ರಾರ್ ಆಗಿದ್ದವರು ಬಿ.ಎಂ. ಶ್ರೀಕಂಠಯ್ಯ. ಅವರ ‘ಇಂಗ್ಲಿಷ್ ಗೀತಗಳು’ ಹೊರಬಂದದ್ದು 1926ರಲ್ಲಿ. ಅದೇ ವರ್ಷ ಸೀಲರಿಗೆ ಬ್ರಿಟಿಷ್ ಸರ್ಕಾರ ಸರ್ ಪದವಿ ಕೊಟ್ಟಿತು. 1930ರಲ್ಲಿ ಮಹಾರಾಜರು ‘ರಾಜತಂತ್ರಪ್ರವೀಣ’ ಎಂಬ ಬಿರುದು ಕೊಟ್ಟರು. ಆ ವರ್ಷವೇ ಆರೋಗ್ಯ ಕೆಟ್ಟು ಅವರು ಕಲಕತ್ತೆಗೆ ಮರಳಿದರು. 1938ರ ಡಿಸೆಂಬರ್ 3ರಂದು ತೀರಿಕೊಂಡರು.

ಇಷ್ಟು ಯಾವ ಕೋಶದಲ್ಲಾದರೂ ಸಿಗುತ್ತದೆ. ಆದರೆ ಇದರಲ್ಲಿ ಮನುಷ್ಯನಿಲ್ಲ. ಕನ್ನಡಕ್ಕೆ ಎಂ.ಎ. ಬೇಕು ಎಂದು ಕನ್ನಡದ ಅಧ್ಯಾಪಕರು ಕೇಳಿದಾಗ ಬಂಗಾಳಿ ಮನೆಮಾತಿನ ಈ ಹಿರಿಯರು ಕುರ್ಚಿಯಲ್ಲಿ ಕೂತು ಏನು ಹೇಳಿರಬಹುದು, ಹಣವಿಲ್ಲ ಎಂದವರಿಗೆ ಏನು ಉತ್ತರ ಕೊಟ್ಟಿರಬಹುದು, ಅದು ಕೋಶಕ್ಕೆ ಬೇಡ. ನಮಗೆ ಬೇಕು.

ಹೊಗಳಿಕೆಯನ್ನು ಯಾಕೆ ಅಚ್ಚು ಹಾಕಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಶುರುವಾಗುತ್ತದೆ. ಸೀಲರು ಬರೆದದ್ದು ಕಡಿಮೆ, ಆಡಿದ್ದು ಹೆಚ್ಚು. 1915ರಲ್ಲಿ ಬಂದ ಪ್ರಾಚೀನ ಹಿಂದೂಗಳ ವಿಜ್ಞಾನಗಳ ಬಗೆಗಿನ ಇಂಗ್ಲಿಷ್ ಗ್ರಂಥ, ಅದಕ್ಕೆ ಹಿಂದಿನ ವಿಮರ್ಶಾ ಪ್ರಬಂಧಗಳು, ವೈಷ್ಣವ ಧರ್ಮವನ್ನೂ ಕ್ರೈಸ್ತ ಧರ್ಮವನ್ನೂ ಹೋಲಿಸಿ 1899ರಲ್ಲಿ ಬರೆದ ಪ್ರಬಂಧ, ಕೊನೆಗಾಲದಲ್ಲಿ ಹೊರಬಂದ ಒಂದು ಇಂಗ್ಲಿಷ್ ಕಾವ್ಯ, ಕೆಲವು ಭಾಷಣಗಳು. 1911ರಲ್ಲಿ ಲಂಡನ್ನಿನಲ್ಲಿ ನಡೆದ ಜಾಗತಿಕ ಜನಾಂಗಗಳ ಮಹಾಸಭೆಯಲ್ಲಿ ಜನಾಂಗ, ಬುಡಕಟ್ಟು, ರಾಷ್ಟ್ರ ಎಂದರೇನು ಎಂದು ಮಂಡಿಸಿದ ಪ್ರಬಂಧವನ್ನು ಸೇರಿಸಿದರೂ ಇಷ್ಟು ದೊಡ್ಡ ಹೆಸರಿಗೆ ಪುಸ್ತಕದ ಕಪಾಟು ಚಿಕ್ಕದೇ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವನ್ನು ಬೆಳೆಸಿದ ಡಿ.ಸಿ. ಪಾವಟೆಯವರು ತಮ್ಮ ಆಡಳಿತದ ನೆನಪುಗಳನ್ನು ತಾವೇ ಬರೆದಿಟ್ಟರು. ಕುವೆಂಪು ‘ನೆನಪಿನ ದೋಣಿಯಲ್ಲಿ’ ಬರೆದರು. ಸೀಲರು ತಮ್ಮ ಮೈಸೂರಿನ ವರ್ಷಗಳ ಬಗ್ಗೆ ಅಂಥ ಪುಸ್ತಕ ಬರೆದಿಡಲಿಲ್ಲ. ಅವರ ಕೆಲಸ ನಡೆದದ್ದು ಸಭೆಯ ಮೇಜಿನ ಸುತ್ತ, ಸಂಜೆಯ ಮಾತುಕತೆಯಲ್ಲಿ, ಯಾರೋ ಕೇಳಿದ ಪ್ರಶ್ನೆಗೆ ಗಂಟೆಗಟ್ಟಲೆ ಹೇಳಿದ ಉತ್ತರದಲ್ಲಿ. ಅದನ್ನು ಕೇಳಿಸಿಕೊಂಡವರು ಬರೆದಿಟ್ಟಿದ್ದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಬೇರೆಯವರ ವಿಷಯದಲ್ಲಿ ಅಭಿನಂದನೆಯ ಬರಹ ಪುಸ್ತಕಗಳ ಪಕ್ಕದ ಅಲಂಕಾರ. ಸೀಲರ ವಿಷಯದಲ್ಲಿ ಅದೇ ದಾಖಲೆ.

ಇದಕ್ಕೆ ಸಾಕ್ಷಿ ಸೀಲರ ಬದುಕಿನಲ್ಲೇ ಇದೆ. ಅವರೂ ನರೇಂದ್ರನಾಥ ದತ್ತರೂ ಕಲಕತ್ತೆಯ ಒಂದೇ ಕಾಲೇಜಿನಲ್ಲಿ ಓದಿದವರು. ಪ್ರಿನ್ಸಿಪಾಲ್ ವಿಲಿಯಂ ಹೇಸ್ಟಿಯವರ ಶಿಷ್ಯರು. ನರೇಂದ್ರನಾಥರು ವಿವೇಕಾನಂದರಾಗಿ, ಕಾಲವಾಗಿ, ಐದು ವರ್ಷವಾದ ಮೇಲೆ, 1907ರಲ್ಲಿ, ಸೀಲರು ‘ಪ್ರಬುದ್ಧ ಭಾರತ’ ಪತ್ರಿಕೆಗೆ ಒಂದು ನೆನಪಿನ ಲೇಖನ ಬರೆದುಕೊಟ್ಟರು. ಆ ಹುಡುಗ ಮಿಲ್, ಸ್ಪೆನ್ಸರ್ ಓದಿ ಹೇಗೆ ಸಂದೇಹವಾದಿಯಾದ, ಆ ಸಂದೇಹ ಅವನನ್ನು ಹೇಗೆ ಒಳಗೊಳಗೇ ಸುಟ್ಟಿತು, ಶೆಲ್ಲಿಯ ಕಾವ್ಯ ಅವನಿಗೆ ಏನು ಮಾಡಿತು ಎಂದು ಅಲ್ಲಿ ಹೇಳಿದ್ದಾರೆ. ಭಕ್ತರು ಬರೆದ ಚರಿತ್ರೆಗಳಲ್ಲಿ ಇಲ್ಲದ ಒಬ್ಬ ಕಾಲೇಜು ಹುಡುಗ ಆ ಕೆಲವೇ ಪುಟಗಳಲ್ಲಿ ಜೀವಂತವಾಗಿದ್ದಾನೆ. ವಿವೇಕಾನಂದರ ಜೀವನಚರಿತ್ರೆ ಬರೆದವರೆಲ್ಲ ಆ ಪುಟಗಳನ್ನು ಎತ್ತಿಕೊಂಡರು. ಅದು ಒಂದು ಮಾಸಪತ್ರಿಕೆಯ ಹಳೆಯ ಸಂಚಿಕೆಯಲ್ಲೇ ಮಲಗಿದ್ದಿದ್ದರೆ, ಮತ್ತೆ ಮತ್ತೆ ಅಚ್ಚಾಗದಿದ್ದರೆ, ನಮಗೆ ಇಂದು ಆ ಹುಡುಗನ ಪರಿಚಯವೇ ಇರುತ್ತಿರಲಿಲ್ಲ. ಗೆಳೆಯನಿಗೆ ಸೀಲರು ಮಾಡಿದ ಈ ಉಪಕಾರವನ್ನು ಸೀಲರಿಗೆ ಯಾರಾದರೂ ಮಾಡಬೇಕಲ್ಲ.

ಇನ್ನೊಂದು ಉದಾಹರಣೆ, ಸಂಖ್ಯಾಶಾಸ್ತ್ರದ ಕಡೆಯಿಂದ. ಕಲಕತ್ತೆ ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ಲೆಕ್ಕಶಾಸ್ತ್ರದ ರೀತಿಯಲ್ಲಿ ಪರಿಶೀಲಿಸಿ ಕೊಡು ಎಂದು 1917ರ ಸುಮಾರಿಗೆ ಪಿ.ಸಿ. ಮಹಲನೋಬಿಸ್ ಎಂಬ ಭೌತಶಾಸ್ತ್ರದ ತರುಣ ಅಧ್ಯಾಪಕನಿಗೆ ಹೇಳಿದವರು ಸೀಲರು. ಸಂಖ್ಯಾಶಾಸ್ತ್ರದಲ್ಲಿ ಆ ತರುಣ ಕೈಹಾಕಿದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಮುಂದೆ ಅವರು ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು, ದೇಶದ ಯೋಜನೆಗಳಿಗೆ ಅಂಕಿ ಅಂಶದ ಬುನಾದಿ ಹಾಕಿದರು. ಸೀಲರು ಆ ವಿಷಯದಲ್ಲಿ ಗ್ರಂಥ ಬರೆಯಲಿಲ್ಲ. ಒಬ್ಬ ತರುಣನ ಕೈಗೆ ಒಂದು ಕೆಲಸ ಕೊಟ್ಟರು, ಅಷ್ಟೆ. ಆ ತರುಣ ನೆನಪಿಟ್ಟುಕೊಂಡು ಹೇಳಿದ್ದರಿಂದ ನಮಗೆ ಗೊತ್ತಾಯಿತು. ಮೈಸೂರಿನ ಹತ್ತು ವರ್ಷಗಳಲ್ಲಿ ಇವರು ಯಾರ ಯಾರ ಕೈಗೆ ಏನೇನು ಕೆಲಸ ಕೊಟ್ಟರು?

ಟಾಗೋರರ ಸಂಗತಿಯೂ ಹೀಗೇ. 1921ರ ಡಿಸೆಂಬರ್ 23ರಂದು ಶಾಂತಿನಿಕೇತನದಲ್ಲಿ ವಿಶ್ವಭಾರತಿಯನ್ನು ವಿಧ್ಯುಕ್ತವಾಗಿ ಪ್ರತಿಷ್ಠಾಪಿಸಿದ ಸಭೆಯ ಅಧ್ಯಕ್ಷತೆ ವಹಿಸಿದ್ದು ಸೀಲರು. 1928ರ ಜೂನ್‌ನಲ್ಲಿ ಟಾಗೋರರು ಬೆಂಗಳೂರಿಗೆ ಬಂದು ಸೀಲರ ಅತಿಥಿಯಾಗಿ ಉಳಿದುಕೊಂಡಾಗ ‘ಶೇಷೇರ್ ಕವಿತಾ’ ಕಾದಂಬರಿಯನ್ನು ಮುಗಿಸಿದರು. 1935ರಲ್ಲಿ ಕಲಕತ್ತೆಯಲ್ಲಿ ಸೀಲರಿಗೆ ಎಪ್ಪತ್ತೆರಡನೆಯ ವರ್ಷದ ಅಭಿನಂದನೆ ನಡೆದಾಗ ಒಂದು ಪದ್ಯವನ್ನೇ ಬರೆದುಕೊಟ್ಟರು. ಬಂಗಾಳಿಗಳು ಇದನ್ನೆಲ್ಲ ಟಾಗೋರರ ದಿನಚರಿಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದಾರೆ. ನಮ್ಮ ವೈಸ್ ಛಾನ್ಸಲರ ಮನೆಗೆ ಆ ಜೂನ್‌ನಲ್ಲಿ ಯಾರು ಯಾರು ಬಂದು ಹೋದರು, ಏನು ಮಾತಾಯಿತು ಎಂಬುದು ಕನ್ನಡದ ಕಡೆಯಿಂದ ಬರೆಯಬೇಕಾದ ಅಧ್ಯಾಯ.

ಮೆಚ್ಚುಗೆಯ ಬರಹದಲ್ಲಿ ಎಲ್ಲವೂ ಒಂದೇ ತೂಕದ್ದಲ್ಲ ಎಂಬುದನ್ನೂ ಹೇಳಬೇಕು. ಸೀಲರ ಬಗೆಗಿನ ಬಹಳಷ್ಟು ಮಾತು ಒಂದೇ ಹಾಡು ಹಾಡುತ್ತದೆ: ಅವರು ನಡೆದಾಡುವ ವಿಶ್ವಕೋಶ, ಅವರಿಗೆ ಗೊತ್ತಿಲ್ಲದ ಶಾಸ್ತ್ರವಿಲ್ಲ, ಅವರ ಸರಳತೆ ಅಸಾಧಾರಣ. ಇಂಥ ಹತ್ತು ಲೇಖನ ಓದಿದರೂ ಒಂದು ಲೇಖನ ಓದಿದಷ್ಟೇ ಫಲ. ಹಾಗೆಂದು ಅವನ್ನು ಬಿಡುವುದೇ? ಬೇಡ. ಯಾವ ವರ್ಷದಿಂದ ಈ ಹಾಡು ಶುರುವಾಯಿತು, ಯಾರ ಬಾಯಿಂದ ಯಾರ ಬಾಯಿಗೆ ಹೋಯಿತು ಎಂದು ತಿಳಿಯಲಾದರೂ ಅವು ಬೇಕು. ಆದರೆ ಪುಸ್ತಕದ ಮುಂದಿನ ಸಾಲಿನಲ್ಲಿ ಕೂರಬೇಕಾದವು ಬೇರೆ: ಒಂದು ನಿರ್ದಿಷ್ಟ ದಿನದ, ಒಂದು ನಿರ್ದಿಷ್ಟ ಜಗಳದ, ಒಂದು ನಿರ್ದಿಷ್ಟ ತೀರ್ಮಾನದ ನೆನಪು ಇರುವ ಬರಹಗಳು. ಎರಡೇ ಪ್ಯಾರಾ ಇದ್ದರೂ ಸರಿ.

ಎಲ್ಲಕ್ಕಿಂತ ಅಪರೂಪದ್ದು ಬಿನ್ನವತ್ತಳೆ. ಈಗಿನವರಿಗೆ ಆ ಪದವೇ ಮದುವೆ ಮಂಟಪದ ಸನ್ಮಾನದ ಹಾಗೆ ಕೇಳಿಸಬಹುದು. ಆ ಕಾಲದಲ್ಲಿ ಅಧಿಕಾರಸ್ಥರು ಊರಿಗೆ ಬಂದರೆ, ಪದವಿ ಬಂದರೆ, ನಿವೃತ್ತರಾದರೆ, ವಿದ್ಯಾರ್ಥಿ ಸಂಘವೋ ಪುರಸಭೆಯೋ ಜಾತಿ ಸಂಘವೋ ಒಂದು ಮಾನಪತ್ರ ಬರೆಸಿ, ಚೌಕಟ್ಟಿನ ಅಲಂಕಾರದೊಳಗೆ ಅಚ್ಚು ಹಾಕಿಸಿ, ಕೆಲವೊಮ್ಮೆ ರೇಷ್ಮೆಯ ಬಟ್ಟೆಯ ಮೇಲೆ ಮುದ್ರಿಸಿ, ಸಭೆಯಲ್ಲಿ ಓದಿ, ಸುರುಳಿ ಸುತ್ತಿ ಕರಂಡಕದಲ್ಲಿಟ್ಟು ಅರ್ಪಿಸುವ ಪದ್ಧತಿ. ಒಂದು ಪ್ರತಿ ಸನ್ಮಾನಿತರಿಗೆ; ಉಳಿದ ಕೆಲವು ಪ್ರತಿ ಸಭೆಯಲ್ಲಿ ಹಂಚಿಹೋಗುತ್ತಿತ್ತು. ಗ್ರಂಥಾಲಯಗಳು ಒಂಟಿ ಹಾಳೆಗೆ ನಂಬರು ಹಾಕುವುದು ಅಪರೂಪ. ಹಾಗಾಗಿ ಪುಸ್ತಕ ಉಳಿಯುವ ಕಡೆ ಬಿನ್ನವತ್ತಳೆ ಉಳಿಯುವುದಿಲ್ಲ. ಉಳಿದರೆ ಅಜ್ಜನ ಟ್ರಂಕಿನ ತಳದಲ್ಲಿ, ಗೋಡೆಯ ಫೋಟೋದ ಹಿಂದಿನ ರಟ್ಟಿನ ಒಳಗೆ.

ಬಿನ್ನವತ್ತಳೆಯ ಭಾಷೆ ಉಬ್ಬಿರುತ್ತದೆ ಎಂದು ಮೂಗು ಮುರಿಯುವವರಿದ್ದಾರೆ. ನಾನು ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಮೊದಲು ಕೊನೆಯಲ್ಲಿರುವ ಹೆಸರುಗಳು: ಆ ವರ್ಷ ಸಂಘದ ಕಾರ್ಯದರ್ಶಿ ಯಾರು, ಹೆಣ್ಣುಮಕ್ಕಳ ಹೆಸರಿದೆಯೇ, ಯಾವ ಜಾತಿಯವರ ಹೆಸರಿಲ್ಲ. ಆಮೇಲೆ ಅದರ ಮೇಲಿನ ಪ್ಯಾರಾ. ಹೊಗಳಿಕೆಯ ಹೂರಾಶಿಯ ಮಧ್ಯೆ ಮೆಲ್ಲಗೆ ಒಂದು ಬೇಡಿಕೆ ಇಟ್ಟುಬಿಡುವುದು ಬಿನ್ನವತ್ತಳೆ ಬರೆಯುವವರ ಹಳೆಯ ಜಾಣತನ. ತಮ್ಮ ಘನ ಆಡಳಿತದಲ್ಲಿ ಹಾಸ್ಟೆಲು ಬೇಗ ಮುಗಿಯುವುದೆಂದು ನಂಬಿದ್ದೇವೆ ಎಂದರೆ ಹಾಸ್ಟೆಲು ಇನ್ನೂ ಮುಗಿದಿಲ್ಲ ಎಂದರ್ಥ. ವಿಶ್ವವಿದ್ಯಾನಿಲಯದ ವಾರ್ಷಿಕ ವರದಿ ಹೇಳದ್ದನ್ನು ಆ ಒಂದು ವಾಕ್ಯ ಹೇಳುತ್ತದೆ. ಕೊನೆಗೆ ಮೇಲಿನ ವಿಶೇಷಣಗಳು. ಅವನ್ನು ಓದದಿದ್ದರೂ ನಷ್ಟವಿಲ್ಲ. ಆದರೆ ಅಚ್ಚು ಹಾಕುವಾಗ ಅವೂ ಇರಬೇಕು.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮರುಮುದ್ರಣ ಎಂದರೆ ಆಯ್ದು, ಸವರಿ, ಇಂದಿನ ಕನ್ನಡಕ್ಕೆ ತಿದ್ದಿ, ಬೇಸರದ ಭಾಗ ತೆಗೆದು, ಸಚಿತ್ರವಾಗಿ ಹೊಳೆಯುವ ಕಾಗದದ ಮೇಲೆ ತರುವ ಸ್ಮರಣ ಸಂಚಿಕೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಮುನ್ನುಡಿ, ಶುಭಾಶಯ, ಸಚಿವರ ಸಂದೇಶ, ಅಧ್ಯಕ್ಷರ ಭಾವಚಿತ್ರ ಸೇರಿ ಮೊದಲ ಮೂವತ್ತು ಪುಟ ಹೋಗುವ ಆ ಜಾತಿಯ ಪುಸ್ತಕ ನಮಗೆ ಬೇಡ. ಅಂಥದ್ದಕ್ಕೆ ನಾನು ಒಂದು ರೂಪಾಯಿಯನ್ನೂ ಕೊಡುವುದಿಲ್ಲ, ನೀವೂ ಕೊಡಬೇಡಿ.

ನಮಗೆ ಬೇಕಾದದ್ದು ಪೂರ್ತಿ ಪಾಠ. ಬರೆದವರು ಯಾರು, ಯಾವ ಸಂದರ್ಭಕ್ಕೆ, ಯಾವ ಪತ್ರಿಕೆಯ ಯಾವ ಸಂಚಿಕೆಯಲ್ಲಿ, ಯಾವ ಪುಟದಿಂದ ಯಾವ ಪುಟಕ್ಕೆ, ಇವು ಪ್ರತಿ ಬರಹದ ತಲೆಯ ಮೇಲಿರಬೇಕು. ಸೀಲರು ಮೈಸೂರಿಗೆ ಬಂದ ವರ್ಷವನ್ನು ಒಬ್ಬರು 1920 ಎನ್ನುತ್ತಾರೆ, ಇನ್ನೊಬ್ಬರು 1921. ಹೀಗಿರುವಾಗ ಸಂಪಾದಕರು ಮೂಲದೊಳಗೆ ಕೈಯಾಡಿಸಿ ಎಲ್ಲವನ್ನೂ ಒಂದೇ ಮಾಡಬಾರದು. ಮೂಲದಲ್ಲಿದ್ದಂತೆ ಬಿಟ್ಟು ಅಡಿಟಿಪ್ಪಣಿಯಲ್ಲಿ ಹೇಳಲಿ. ಕಾಗುಣಿತ, ಸಂಧಿ, ಅರ್ಕಾವತ್ತು ಆ ಕಾಲದವೇ ಇರಲಿ. ಅಚ್ಚಿನ ದೋಷ ಎಂದು ಖಚಿತವಾದದ್ದನ್ನು ಮಾತ್ರ ತಿದ್ದಿ, ತಿದ್ದಿದ್ದು ಏನೆಂದು ಪಟ್ಟಿ ಕೊಡಲಿ.

ಭಾಷೆಯ ತೊಡಕು ದೊಡ್ಡದು. ಸೀಲರ ಮೇಲಿನ ಬರಹ ಕನ್ನಡ, ಇಂಗ್ಲಿಷ್, ಬಂಗಾಳಿ ಮೂರರಲ್ಲಿ ಹರಡಿದೆ. ಬಂಗಾಳಿಯದನ್ನು ಇಂಗ್ಲಿಷಿನ ಮೂಲಕ ತರುವ ಸುಲಭದ ದಾರಿ ಹಿಡಿಯುವುದು ನಮಗೆ ಶೋಭಿಸದು. ಬಿ. ವೆಂಕಟಾಚಾರ್ಯರು ಹತ್ತೊಂಬತ್ತನೆಯ ಶತಮಾನದಲ್ಲೇ ಬಂಕಿಮರನ್ನು ಬಂಗಾಳಿಯಿಂದ ನೇರವಾಗಿ ತಂದ ಭಾಷೆ ನಮ್ಮದು. ಎ.ಆರ್. ಕೃಷ್ಣಶಾಸ್ತ್ರಿಗಳು ಬಂಕಿಮಚಂದ್ರರ ಮೇಲೆ ಬರೆದ ಪುಸ್ತಕಕ್ಕೆ 1961ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಹೋಬಲ ಶಂಕರರ ಅನುವಾದಗಳನ್ನು ಓದಿ ಬೆಳೆದವರು ನಮ್ಮಲ್ಲಿದ್ದಾರೆ. ಬಂಗಾಳಿ ಬಲ್ಲ ಕನ್ನಡಿಗರು ಇಂದೂ ಇದ್ದಾರೆ. ಈ ಪತ್ರ ಅವರಿಗೂ ಹೌದು. ಇಂಗ್ಲಿಷ್ ಬರಹಗಳನ್ನು ಮಾತ್ರ ಮೂಲದಲ್ಲೇ ಒಂದು ಸಂಪುಟವಾಗಿ ತಂದು, ಕನ್ನಡ ಅನುವಾದವನ್ನು ಜೊತೆ ಸಂಪುಟವಾಗಿ ಕೊಡುವುದು ಮೇಲು.

ಇನ್ನು ಕಹಿ ವಿಷಯ. 1922-23ರಲ್ಲಿ ಮೈಸೂರು ಸಂಸ್ಥಾನದ ರಾಜ್ಯಾಂಗ ಸುಧಾರಣೆಗೆ ಸಲಹೆ ಕೊಡಲು ಮಾಡಿದ ಸಮಿತಿಗೆ ಸೀಲರೇ ಅಧ್ಯಕ್ಷರು. 1881ರಲ್ಲಿ ರಂಗಾಚಾರ್ಲು ಶುರುಮಾಡಿದ ಪ್ರಜಾಪ್ರತಿನಿಧಿ ಸಭೆಗೆ ಆವರೆಗೆ ಶಾಸನದ ಆಧಾರ ಇರಲಿಲ್ಲ. ಸೀಲರ ಸಮಿತಿಯ ನಂತರದ ಸುಧಾರಣೆಯಿಂದ ಅದು ಬಂತು. ಸಭೆಯ ಸದಸ್ಯ ಸಂಖ್ಯೆ 250, ವಿಧಾನ ಪರಿಷತ್ತಿನದು 50 ಎಂದಾಯಿತು. ಹೆಂಗಸರಿಗೆ ಮತದ ಬಾಗಿಲು ತೆರೆಯಿತು. ಆದರೆ ದಿವಾನರೂ ಕೌನ್ಸಿಲರೂ ಸಭೆಗೆ ಹೊಣೆಯಾಗಬೇಕು ಎಂಬ ಮಾತಿಗೆ ಅಲ್ಲಿ ಎಡೆ ಸಿಗಲಿಲ್ಲ. ಜವಾಬ್ದಾರಿ ಸರ್ಕಾರಕ್ಕೆ ಮೈಸೂರು 1947ರ ಚಳವಳಿಯವರೆಗೆ ಕಾಯಬೇಕಾಯಿತು. ರಾಜ್ಯಾಂಗವನ್ನು ತತ್ವಶಾಸ್ತ್ರದ ಎತ್ತರದಿಂದ ನೋಡಿದ ಒಬ್ಬ ಪಂಡಿತ, ಪ್ರಜೆಗಳ ಕೈಗೆ ಅಧಿಕಾರ ಕೊಡುವಲ್ಲಿ ಕೈ ಬಿಗಿ ಹಿಡಿದರೇ? ಅಥವಾ ಬ್ರಿಟಿಷರ ಕಣ್ಗಾವಲಿನಲ್ಲಿದ್ದ ಒಂದು ಸಂಸ್ಥಾನದಲ್ಲಿ ಆಗುವುದು ಅಷ್ಟೇ ಎಂದು ತಿಳಿದು ನಡೆದರೇ? ನನ್ನ ಒಲವು ಎರಡನೆಯ ಉತ್ತರದ ಕಡೆಗೆ. ನಿಮ್ಮದು ಮೊದಲನೆಯದರ ಕಡೆಗೆ ಇರಬಹುದು. ಎರಡಕ್ಕೂ ಆಧಾರ ಆ ಪುಸ್ತಕದಲ್ಲಿ ಸಿಗಬೇಕು. ಅಂದರೆ ಅವರನ್ನು ಹೊಗಳಿದವರ ಜೊತೆಗೇ ಆ ವರದಿಯನ್ನು ಟೀಕಿಸಿದವರ ಬರಹವೂ ಇರಬೇಕು. ‘ರಾಜತಂತ್ರಪ್ರವೀಣ’ ಎಂಬ ಬಿರುದಿನ ಅರ್ಥ ಆಗುವುದು ಆಗಲೇ. ಅಭಿನಂದನ ಗ್ರಂಥದಲ್ಲಿ ಟೀಕೆ ಬೇಡ, ಮುಜುಗರ ಎನ್ನುವ ಹಿರಿಯರಿಗೆ ನಾನು ಹೇಳುವುದಿಷ್ಟು: ಇದು ಅಭಿನಂದನ ಗ್ರಂಥವಲ್ಲ. ಅಭಿನಂದನೆಗಳ ದಾಖಲೆ.

ಈ ಜಾತಿಯ ಗ್ರಂಥ ನಮಗೆ ಹೊಸದೂ ಅಲ್ಲ. ಬಿ.ಎಂ.ಶ್ರೀ ಅವರಿಗೆ 1941ರಲ್ಲಿ ಅರ್ಪಿಸಿದ ‘ಸಂಭಾವನೆ’ಯಿಂದ ಹಿಡಿದು ಎ.ಆರ್.ಕೃ. ಅವರ ‘ಅಭಿವಂದನೆ’, ಡಿ.ಎಲ್. ನರಸಿಂಹಾಚಾರ್ ಅವರ ‘ಉಪಾಯನ’, ತೀ.ನಂ. ಶ್ರೀಕಂಠಯ್ಯ ಅವರ ‘ಶ್ರೀಕಂಠತೀರ್ಥ’ದವರೆಗೆ ಮೇಷ್ಟರುಗಳಿಗೆ ಗ್ರಂಥ ಒಪ್ಪಿಸುವ ಒಳ್ಳೆಯ ಪರಂಪರೆ ಮೈಸೂರಿನಲ್ಲಿ ಬೆಳೆಯಿತು. ಕಲಕತ್ತೆಯಲ್ಲಿ ಅಶುತೋಷ ಮುಖರ್ಜಿಯವರ ಬೆಳ್ಳಿಹಬ್ಬಕ್ಕೆ ಸಂಪುಟಗಟ್ಟಲೆ ಸಂಶೋಧನ ಪ್ರಬಂಧಗಳನ್ನೇ ಒಪ್ಪಿಸಿದರು. ಸೀಲರು ಈ ಎರಡರ ನಡುವೆ ಬಿದ್ದುಹೋದರು. ಬಂಗಾಳಕ್ಕೆ ಅವರ ಮೈಸೂರಿನ ದಶಕ ದೂರದ್ದು; ಕನ್ನಡಕ್ಕೆ ಅವರು ಕನ್ನಡದ ಲೇಖಕರಲ್ಲ.

ಹಕ್ಕುಸ್ವಾಮ್ಯದ ಭಯ ಕೆಲವರಿಗಿದೆ. ಅಷ್ಟು ಭಯ ಬೇಡ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ಕೊನೆಯಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಹೆಸರಿಲ್ಲದೆ ಅಚ್ಚಾದ ಬರಹಕ್ಕೆ ಅಚ್ಚಾದ ವರ್ಷದಿಂದ ಅರವತ್ತು. ಆದ್ದರಿಂದ 1938ರ ಪತ್ರಿಕೆಗಳ ಸಹಿಯಿಲ್ಲದ ಸಂಪಾದಕೀಯಗಳು ಯಾವತ್ತೋ ಎಲ್ಲರ ಸೊತ್ತಾಗಿವೆ. 1939ರಲ್ಲಿ ತೀರಿಕೊಂಡ ವೆಂಕಣ್ಣಯ್ಯ, 1941ರಲ್ಲಿ ಟಾಗೋರ್, 1946ರಲ್ಲಿ ಬಿ.ಎಂ.ಶ್ರೀ, 1950ರಲ್ಲಿ ತತ್ವಶಾಸ್ತ್ರದ ವಿದ್ವಾಂಸ ಎಂ. ಹಿರಿಯಣ್ಣ, 1962ರಲ್ಲಿ ವಿಶ್ವೇಶ್ವರಯ್ಯ, ಇವರ ಬರಹಕ್ಕೂ ಅಡ್ಡಿಯಿಲ್ಲ. ಮಹಲನೋಬಿಸ್ ತೀರಿಕೊಂಡದ್ದು 1972ರಲ್ಲಿ, ರಾಧಾಕೃಷ್ಣನ್ 1975ರಲ್ಲಿ; ಅವರದಕ್ಕೆ ಅನುಮತಿ ಬೇಕು. ಹಳೆಯ ಅನುವಾದಗಳನ್ನು ಬಳಸುವುದಾದರೆ ಮೂಲ ಲೇಖಕರ ಜೊತೆಗೆ ಅನುವಾದಕರ ಲೆಕ್ಕವನ್ನೂ ಬೇರೆ ಹಾಕಬೇಕು. ಇದು ನಮ್ಮವರು ಮರೆಯುವ ಸಂಗತಿ. ಅನುಮತಿಯ ಪತ್ರ ಬರೆಯುವ ಕೆಲಸವನ್ನು ನಮ್ಮ ವಕೀಲ ಮಿತ್ರರು ವಹಿಸಿಕೊಂಡರೆ ಒಳಿತು.

ಹುಡುಕುವುದು ಎಲ್ಲಿ? 1919ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಶುರುವಾದ ‘ಪ್ರಬುದ್ಧ ಕರ್ಣಾಟಕ’ದ ಸಂಪುಟಗಳು, 1927ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯದ ಇಂಗ್ಲಿಷ್ ಅರ್ಧವಾರ್ಷಿಕ ಪತ್ರಿಕೆ, ಕಾಲೇಜುಗಳ ಮ್ಯಾಗಜೀನುಗಳು, ಸೆನೆಟ್ಟಿನ ನಡಾವಳಿ, ‘ತಾಯ್ನಾಡು’, ‘ವಿಶ್ವಕರ್ನಾಟಕ’, ‘ಸಾಧ್ವಿ’, ‘ಮೈಸೂರು ಸ್ಟಾರ್’ ಪತ್ರಿಕೆಗಳ 1930 ಮತ್ತು 1938ರ ಸಂಚಿಕೆಗಳು. ಸಾವಿನ ಸುದ್ದಿಯ ದಿನದ ಪತ್ರಿಕೆಗಿಂತ ಅದರ ಮುಂದಿನ ವಾರದ್ದು ಹೆಚ್ಚು ಉಪಯೋಗ. ಮೊದಲ ದಿನ ಎಲ್ಲರೂ ಜಾತಕ ಬರೆಯುತ್ತಾರೆ, ಮುಂದಿನ ವಾರ ಯಾರಾದರೂ ಒಬ್ಬ ಓದುಗ ತನ್ನ ನೆನಪು ಬರೆದು ಕಳಿಸುತ್ತಾನೆ. 1964ರ ಜನ್ಮಶತಮಾನೋತ್ಸವದ ಸುತ್ತಿನ ಬರಹಗಳನ್ನೂ ಬಿಡಬಾರದು. ಸೀಲರನ್ನು ಕಣ್ಣಾರೆ ಕಂಡ ಕೊನೆಯ ತಲೆಮಾರು ಮಾತಾಡಿದ್ದು ಆಗ. ಆತ್ಮಕಥೆಗಳೊಳಗೆ ಅಡಗಿರುವ ಪ್ಯಾರಾಗಳನ್ನು ಹೆಕ್ಕುವುದು ಬೇರೆಯದೇ ಕೆಲಸ. ಸೂಚಿ ಇಲ್ಲದ ಪುಸ್ತಕಗಳಲ್ಲಿ ಅದಕ್ಕೆ ಓದುವುದೊಂದೇ ದಾರಿ. ನಿವೃತ್ತರಾದ ಮೇಷ್ಟರುಗಳೇ, ಇದು ನಿಮಗೆ ಹೇಳಿ ಮಾಡಿಸಿದ ಕೆಲಸ.

ಅಕ್ಷರ ಕೂಡಿಸುವುದರ ಬಗ್ಗೆ ಒಂದು ಮಾತು. ಹಳೆಯ ಮೊಳೆಯ ಅಚ್ಚಿನಲ್ಲಿ ಒತ್ತಕ್ಷರಗಳು ಸವೆದಿರುತ್ತವೆ, ಶಾಯಿ ಹರಡಿರುತ್ತದೆ. ಕಂಪ್ಯೂಟರು ಚಿತ್ರ ನೋಡಿ ತಾನೇ ಅಕ್ಷರ ಗುರುತಿಸುತ್ತದೆ ಎಂದು ನಂಬಿ ಕೂತರೆ ‘ಸೀಲರು’ ಯಾವ ಯಾವ ಅವತಾರ ಎತ್ತುತ್ತಾರೋ ಹೇಳಲಾಗದು. ಯಂತ್ರ ಮೊದಲ ಕರಡು ಕೊಡಲಿ. ಆಮೇಲೆ ಇಬ್ಬರು ಎದುರುಬದುರು ಕೂತು, ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಕರಡು ತಿದ್ದುತ್ತ ಹೋಗುವ ಹಳೆಯ ಕ್ರಮವೇ ಬೇಕು. ಕುವೆಂಪು ಹೆಸರಿಟ್ಟ ಪ್ರಸಾರಾಂಗ ಇರುವ ವಿಶ್ವವಿದ್ಯಾನಿಲಯದವರು ನಾವು. ಕರಡು ತಿದ್ದಲು ಬರುವವರಿಗೆ ಬರ ಇಲ್ಲ. ಮುದ್ರಣ ದೊಡ್ಡದಾಗಿರಬೇಕಿಲ್ಲ. ಗ್ರಂಥಾಲಯಗಳಿಗೂ ಬೇಕೆನ್ನುವವರಿಗೂ ಸಾಕಾಗುವಷ್ಟು ಪ್ರತಿ, ಆಮ್ಲವಿಲ್ಲದ ಕಾಗದ, ಹೊಲಿದ ಬೈಂಡಿಂಗ್. ಜೊತೆಗೆ ಮೂಲ ಹಾಳೆಗಳ ಚಿತ್ರಗಳೆಲ್ಲ ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಇರಬೇಕು. ನಮ್ಮ ಓದು ತಪ್ಪು ಎಂದು ಅನಿಸಿದವರು ತಾವೇ ಮೂಲ ನೋಡಲಿ.

2038ಕ್ಕೆ ಸೀಲರು ತೀರಿಕೊಂಡು ನೂರು ವರ್ಷವಾಗುತ್ತದೆ. ಆಗ ಮಾಡೋಣ ಎಂದು ಯಾರೂ ಹೇಳದಿರಿ. 1930ರ ದಶಕದ ಪತ್ರಿಕೆಯ ಕಾಗದ ಮರದ ತಿರುಳಿನದು. ಅದರೊಳಗಿನ ಆಮ್ಲ ಅದನ್ನೇ ತಿನ್ನುತ್ತದೆ. ಮಡಿಸಿದಲ್ಲಿ ಮುರಿಯುತ್ತದೆ, ತೆರೆದರೆ ಪುಡಿಯಾಗುತ್ತದೆ. ಅದು ನಮ್ಮ ಶತಮಾನೋತ್ಸವಕ್ಕಾಗಿ ಕಾಯುವುದಿಲ್ಲ.

ಹಾಗಾಗಿ ನನ್ನ ಬಿನ್ನಹ ಇಷ್ಟು. ನಿಮ್ಮ ಮನೆಯ ಅಟ್ಟದಲ್ಲಿ, ಊರಿನ ವಾಚನಾಲಯದಲ್ಲಿ, ಹಳೆಯ ಹಾಸ್ಟೆಲಿನ ಬೀರುವಿನಲ್ಲಿ 1920ರಿಂದ 1940ರವರೆಗಿನ ಕಾಲೇಜು ಮ್ಯಾಗಜೀನು, ಸಭೆಯ ಆಹ್ವಾನ ಪತ್ರಿಕೆ, ಬಿನ್ನವತ್ತಳೆ, ಗುಂಪಿನ ಫೋಟೋ ಏನಿದ್ದರೂ ಒಮ್ಮೆ ತೆಗೆದು ನೋಡಿ. ಸೀಲರ ಹೆಸರಿಲ್ಲದಿದ್ದರೂ ಎಸೆಯಬೇಡಿ. ನಂಜುಂಡಯ್ಯನವರದ್ದೋ ಸೀಲರ ನಂತರ ವೈಸ್ ಛಾನ್ಸಲರ್ ಆದ ಮೆಟ್‌ಕಾಫ್ ಅವರದ್ದೋ ಇರಬಹುದು, ಅವರ ಸರದಿಯೂ ಬರುತ್ತದೆ. ಸಿಕ್ಕ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಕಿಟಕಿಯ ಬೆಳಕಿನಲ್ಲಿಟ್ಟು, ನಿಮಗೆ ಬೇಕಾದ ಪ್ಯಾರಾವನ್ನಷ್ಟೇ ತೆಗೆಯದೆ, ಪತ್ರಿಕೆಯ ಹೆಸರು, ತಾರೀಕು, ಪುಟಸಂಖ್ಯೆ ಕಾಣುವಂತೆ ಇಡೀ ಪುಟದ ಚಿತ್ರ ತೆಗೆದು ನಿಮ್ಮ ಊರಿನ ಹಳೆಯ ವಿದ್ಯಾರ್ಥಿ ಸಂಘಕ್ಕೆ ಕೊಡಿ. ಮೂಲ ನಿಮ್ಮಲ್ಲೇ ಇರಲಿ.

ಇಂತಿ ನಿಮ್ಮವನೇ ಆದ,
ಮಾನಸಗಂಗೋತ್ರಿಯ ಒಬ್ಬ ಹಳೆಯ ವಿದ್ಯಾರ್ಥಿ